ಐನ್‌ಮನೆ (ಕೊಡಗಿನ ಕುಟುಂಬದ ಮೂಲಮನೆ) ಗುಂಪಿನಲ್ಲಿ 'ಕುಮಾರಿ'ಯ ಚರ್ಚೆ

ದೊಡ್ಡಪ್ಪ, ಭಾಗಮಂಡಲ (ಫಾರ್ವರ್ಡ್ ಮಾಡಿದ ಸಂದೇಶ): "'ಬ್ರಹ್ಮಚಾರಿ' ಎಂಬ ಪದಕ್ಕೆ ಸ್ತ್ರೀಲಿಂಗ ರೂಪವೇ ಇಲ್ಲ. ಹೆಣ್ಣು ಮದುವೆಯಾಗದೆ ಉಳಿಯುವುದನ್ನು ನಮ್ಮ ಪೂರ್ವಿಕರು ಊಹಿಸಿಯೂ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹೆಣ್ಣುಮಕ್ಕಳಿರುವ ಎಲ್ಲ ಮನೆಗಳಿಗೂ ಕಳುಹಿಸಿ."

ದೊಡ್ಡಪ್ಪ: ಎಲ್ಲರೂ ಓದಿರಿ. ಮೂವತ್ತು ದಾಟಿದರೂ ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಗೂಡೆಗಳೂ (ಹುಡುಗಿಯರೂ) ಹೈದರೂ ನಮ್ಮ ಕುಟುಂಬದಲ್ಲೇ ಇದ್ದಾರೆ.

ಅಣ್ಣ, ಮೈಸೂರು: ಅಪ್ಪ, ಇದನ್ನು ಬರೆದವರು ಯಾರು, ಯಾವ ನಿಘಂಟನ್ನು ನೋಡಿ ಬರೆದರು? ನವದುರ್ಗೆಯರಲ್ಲಿ ಎರಡನೆಯವಳ ಹೆಸರೇ ಬ್ರಹ್ಮಚಾರಿಣಿ.

ದೊಡ್ಡಪ್ಪ: ದೇವಿಯ ಮಾತು ಬೇರೆ, ಮನೆಯ ಮಾತು ಬೇರೆ. ನಾನು ಏನು ಕಳುಹಿಸಿದರೂ ಆಧಾರ ಕೇಳುವುದು ನಿನಗೆ ಅಭ್ಯಾಸವಾಗಿದೆ.

ಅಕ್ಕ, ಸುಂಟಿಕೊಪ್ಪ: ತುಲಾ ಸಂಕ್ರಮಣದ ಸಮಯದಲ್ಲಿ ಅಜ್ಜಿ ನಮ್ಮನ್ನು ಸಂಗಮದಲ್ಲಿ ಮೀಯಿಸುವಾಗ, ಕಾವೇರಿಯನ್ನು ಕೂಡುವ ಕನ್ನಿಕೆ ಹೊಳೆಯನ್ನು ತೋರಿಸಿ, "ನೋಡಿ, ಇವಳಿಗೆ ಮದುವೆಯಿಲ್ಲ, ಆದರೂ ಎಲ್ಲರೂ ಕೈಮುಗಿಯುತ್ತಾರೆ" ಎನ್ನುತ್ತಿದ್ದುದು ನೆನಪಾಯಿತು. ಚಳಿಗೆ ನಡುಗುತ್ತಿದ್ದರೂ ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು.

ಅತ್ತೆ, ಮಡಿಕೇರಿ: ಹೊಳೆಗೆ ಆ ಹೆಸರು ಒಪ್ಪುತ್ತದೆ ಮಗಳೇ, ಏಕೆಂದರೆ ಹೊಳೆಗೆ ವಯಸ್ಸಾಗುವುದಿಲ್ಲ. ಅಣ್ಣ, ನೀವು ಕಳುಹಿಸಿದ ಸಂದೇಶ ತಪ್ಪು. ಬ್ರಹ್ಮಚಾರಿ ಎಂದರೆ ಮೊದಲಿಗೆ ಗುರುವಿನ ಬಳಿ ಇದ್ದು ವೇದ ಕಲಿಯುವ ವಿದ್ಯಾರ್ಥಿ. ಓದು ಮುಗಿಸಿ ಮಿಂದವನು ಸ್ನಾತಕ, ಆ ಬಳಿಕವೇ ಅವನು ಗೃಹಸ್ಥನಾಗುತ್ತಿದ್ದುದು. ಅಥರ್ವವೇದದ ಬ್ರಹ್ಮಚರ್ಯ ಸೂಕ್ತವು ಕನ್ಯೆಗೂ ಬ್ರಹ್ಮಚರ್ಯವನ್ನು ಹೇಳುತ್ತದೆ. ಇಂಗ್ಲಿಷಿನ 'ಬ್ಯಾಚುಲರ್' ಕೂಡ ಮದುವೆಯಾಗದವನ ಹೆಸರೂ ಹೌದು, ಪದವಿಯ ಹೆಸರೂ ಹೌದು. ಗಂಡಸಿಗೆ ಓದಿನಿಂದ ಹೆಸರು ಬಂದರೆ, ಹೆಂಗಸಿಗೆ ಬಳಕೆಯಲ್ಲಿ ಉಳಿದ 'ಕನ್ಯೆ', 'ಕುಮಾರಿ' ಎರಡೂ ಎಳೆಯ ಹುಡುಗಿಯ ಹೆಸರುಗಳು. ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೂ ದೊಡ್ಡವನ ಮದುವೆಯ ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು 'ಕುಮಾರಿ' ಎಂದು ಅಚ್ಚು ಹಾಕಿಸಿದಿರಿ. ಅದೇ ಸಾಲಿನಲ್ಲಿದ್ದ ತಮ್ಮನೂ ಮದುವೆಯಾದವನಲ್ಲ, ಅವನಿಗೆ ಮಾತ್ರ 'ಶ್ರೀ'.

ದೊಡ್ಡಪ್ಪ: ಆ ಪತ್ರಿಕೆಯ ಮಾತನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ? ಅದು ಗೌರವದಿಂದ ಹಾಕಿಸಿದ್ದು.

ಚಿಕ್ಕಪ್ಪ, ನಾಪೋಕ್ಲು: ಅಕ್ಕ ಅಂದು ಚಪ್ಪರದಲ್ಲಿ ಹಿಂದೆ ಹೋಗಿ ಕುಳಿತದ್ದು ಏಕೆಂದು ನನಗೆ ಇಂದು ತಿಳಿಯಿತು. ನನ್ನನ್ನು ಊರಿನಲ್ಲಿ ಬ್ರಹ್ಮಚಾರಿ ಎಂದು ಕರೆದರೂ ಅದನ್ನು ಯಾರೂ ಕಾಗದದ ಮೇಲೆ ಬರೆಯಲಿಲ್ಲ.

ಅಣ್ಣ: ಇಂಗ್ಲೆಂಡಿನಲ್ಲಿಯೂ ಹೀಗೆಯೇ ನಡೆದಿದೆ. 'ಸ್ಪಿನ್‌ಸ್ಟರ್' ಎಂದರೆ ಮೊದಲು ನೂಲುವವಳು. 17ನೆಯ ಶತಮಾನದಿಂದ ಕಾನೂನಿನ ಕಾಗದಗಳಲ್ಲಿ ಅದು ಅವಿವಾಹಿತೆ ಎಂದಾಯಿತು, ಕ್ರಮೇಣ ಚುಚ್ಚುಮಾತೂ ಆಯಿತು. 2005ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮದುವೆ ನೋಂದಣಿಯಿಂದ ಈ ಪದವನ್ನೂ 'ಬ್ಯಾಚುಲರ್' ಅನ್ನೂ ತೆಗೆದು, ಇಬ್ಬರಿಗೂ 'ಸಿಂಗಲ್' ಎಂಬ ಒಂದೇ ಪದವನ್ನು ಇಟ್ಟರು.

ನಾನು: ದೊಡ್ಡಪ್ಪ, ಪೂರ್ವಿಕರು ಊಹಿಸಿರಲಿಲ್ಲ ಎಂಬುದೂ ನಿಜವಲ್ಲ. ತವರಿನಲ್ಲಿಯೇ ಇದ್ದು ಮುಪ್ಪಾಗುವ ಹೆಣ್ಣಿಗೆ ಋಗ್ವೇದದಲ್ಲಿಯೇ 'ಅಮಾಜುರ್' ಎಂಬ ಪದವಿದೆ. ಅಂಥವಳು ಆಗಲೂ ಮನೆಯಲ್ಲಿದ್ದಳು. ಅಜ್ಜಿ ಹಾಸಿಗೆ ಹಿಡಿದ ಒಂಬತ್ತು ವರ್ಷ ಅವರನ್ನು ನೋಡಿಕೊಂಡವರು ಅತ್ತೆಯೇ ಅಲ್ಲವೇ? ನನ್ನ ಮದುವೆಯ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಅತ್ತೆ, ನಿಮ್ಮ ಹೆಸರಿನ ಮೊದಲು ಏನಿರಬೇಕೆಂದು ನೀವೇ ಹೇಳಿ.

ಅತ್ತೆ: 'ಶ್ರೀ' ಎಂದು ಹಾಕಿಸು. ಅದು ಲಕ್ಷ್ಮಿಯ ಹೆಸರು, ಸಂಸ್ಕೃತದಲ್ಲಿ ಸ್ತ್ರೀಲಿಂಗ.

ದೊಡ್ಡಪ್ಪ: ನೆಂಟರು ಅಚ್ಚಿನ ತಪ್ಪೆಂದು ತಿಳಿದಾರು.

ಅತ್ತೆ: ಕೇಳಿದವರಿಗೆ ನಾನೇ ಹೇಳುತ್ತೇನೆ ಅಣ್ಣ. ಈ ಸಲ ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತೇನೆ.