ಹುಳ ಬಿದ್ದ ಜೋಳ, ದೊಡ್ಡಪ್ಪನ ಫಾರ್ವರ್ಡ್

(ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದಿದ್ದಾಗ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದದ್ದು. ನಡುನಡುವೆ ಬಂದ ಶುಭೋದಯಗಳನ್ನು ತೆಗೆದಿದ್ದೇನೆ.)

ದೊಡ್ಡಪ್ಪ: *ಹುಳ ಬಿದ್ದ ಧಾನ್ಯವೇ ಶುದ್ಧ ಸಾವಯವ! ಹುಳವೂ ಮುಟ್ಟದ ಧಾನ್ಯವನ್ನು ನೀವು ತಿನ್ನುತ್ತೀರಾ? ಎಲ್ಲರಿಗೂ ಕಳಿಸಿ* 🙏🙏

ದೊಡ್ಡಪ್ಪ: 📷 ನಮ್ಮನೆ ಮೆಕ್ಕೆಜೋಳದ ಮೂಟೆ. ಕಂದು ಬಣ್ಣದ ಪುಟ್ಟ ಹುಳ ಹರಿದಾಡ್ತಿವೆ. ಔಷಧಿ ಹೊಡೆದಿಲ್ಲ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?

ನಾನು: ದೊಡ್ಡಪ್ಪ, ಕಾಳಲ್ಲಿ ತೂತು ಇದೆಯಾ?

ದೊಡ್ಡಪ್ಪ: ಒಂದೂ ಇಲ್ಲ. ಅದೇ ವಿಶೇಷ!

ನಾನು: ಅದೇ ತೊಂದರೆ. ಕುಟ್ಟೆ ಹುಳ ಆಗಿದ್ದರೆ ಕಾಳು ಕೊರೆದು ಹಿಟ್ಟು ಉದುರಿಸುತ್ತಿತ್ತು. ಇದಕ್ಕೆ ತಲೆಯ ಹಿಂದೆ ಎರಡೂ ಮೂಲೆಯಲ್ಲಿ ಸಣ್ಣ ಗುಬುಟು ಇದೆ ನೋಡಿ. ಅಹಾಸ್ವೆರಸ್ ಅಡ್ವೆನಾ ಅಂತ ಕಾಣುತ್ತೆ, ಎರಡು ಮಿಲಿಮೀಟರ್ ಉದ್ದದ ಹುಳ. ಅದು ಬಂದಿರೋದು ಜೋಳಕ್ಕಲ್ಲ, ಜೋಳದ ಮೇಲಿನ ಬೂಸ್ಟು ತಿನ್ನೋಕೆ. ಗೋದಾಮಿನಲ್ಲಿ ಇದು ಕಂಡರೆ ನಾವು ಮೊದಲು ತೇವ ಅಳೆಯುತ್ತೇವೆ. ತಿಂಗಳುಗಟ್ಟಲೆ ಇಡಬೇಕಾದರೆ ಜೋಳದಲ್ಲಿ 12-13% ತೇವ ದಾಟಬಾರದು.

ಚಿಕ್ಕಮ್ಮ: ಅಯ್ಯೋ, ಇದೇ ಹುಳ ನಮ್ಮ ಹೊಸ ಮನೆ ಗೋಡೆ ಮೇಲೂ ಇದೆ! ಆ ರೂಮಲ್ಲಿ ಒಂದು ಕಾಳೂ ಇಲ್ಲ.

ನಾನು: ಗಾರೆ ಇನ್ನೂ ಹಸಿ ಇರಬೇಕು ಚಿಕ್ಕಮ್ಮ. ಹಸಿ ಗೋಡೆಗೆ ಕಣ್ಣಿಗೆ ಕಾಣದಷ್ಟು ಬೂಸ್ಟು ಹಿಡಿದರೂ ಈ ಜಾತಿ ಹುಳಗಳಿಗೆ ಸಾಕು. ಒಣಗಿದರೆ ತಾವಾಗೇ ಹೋಗುತ್ತವೆ.

ಅಣ್ಣ: ಹಾಗಾದರೆ ಚಿಕ್ಕಮ್ಮನ ಗೋಡೆನೂ ಶುದ್ಧ ಸಾವಯವ 😂

ಅಣ್ಣ: ದೊಡ್ಡಪ್ಪ, ಮೂಟೆಗೆ ಎರಡು ಗುಳಿಗೆ ಹಾಕಿ ಕಟ್ಟಿಬಿಡಿ. ಕಥೆ ಮುಗೀತು.

ನಾನು: ದಯವಿಟ್ಟು ಬೇಡ!! ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದರೆ ಫಾಸ್ಫಿನ್ ಅನಿಲ ಬರುತ್ತೆ, ಮಲಗಿದವರು ಏಳಲ್ಲ. ವಾಸದ ಮನೆಯೊಳಗೆ ಇಡೋ ವಸ್ತುವೇ ಅಲ್ಲ. ಹುಳ ಸತ್ತರೂ ಬೂಸ್ಟು ಅಲ್ಲೇ ಇರುತ್ತೆ ಬೇರೆ.

ದೊಡ್ಡಪ್ಪ: ನಮ್ಮ ಅಜ್ಜಿ ಕಾಲದಲ್ಲಿ ಯಾವ ಮೀಟರ್ ಇತ್ತು? ಮಳೆಗಾಲ ಪೂರ್ತಿ ಧಾನ್ಯ ಇಡ್ತಿರಲಿಲ್ವಾ?

ನಾನು: ಇಡ್ತಿದ್ದರು, ಒಲೆಯ ಮೇಲಿನ ಅಟ್ಟದಲ್ಲಿ. ದಿನವಿಡೀ ಬಿಸಿ, ಹೊಗೆ. ತೇವಕ್ಕೆ ಜಾಗವೇ ಇರಲಿಲ್ಲ. ನಿಮ್ಮ ಮೂಟೆ ಎಲ್ಲಿದೆ? ಸಿಮೆಂಟ್ ನೆಲದ ಮೇಲೆ, ಬಚ್ಚಲ ಗೋಡೆಗೆ ಒರಗಿ. ಫೋಟೋದಲ್ಲೇ ಕಾಣುತ್ತೆ.

ದೊಡ್ಡಪ್ಪ: ಸರಿ, ನಾವು ತಿನ್ನಲ್ಲ ಬಿಡು. ಹೇಗೂ ನುಚ್ಚು ಮಾಡಿಸಿ ಗೌರಿಗೇ ಹಾಕ್ತಿರೋದು. ದನಕ್ಕೆ ಏನಾಗುತ್ತೆ?

ನಾನು: ಎಲ್ಲ ಬೂಸ್ಟೂ ವಿಷ ಅಲ್ಲ. ಆದರೆ ಯಾವುದು ವಿಷ ಅಂತ ಕಣ್ಣಿಗೆ ಗೊತ್ತಾಗಲ್ಲ. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಸ್ಟು ಬೆಳೆದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗುತ್ತೆ. ಬಿಸಿಲಿಗೆ ಹಾಕಿದರೂ ಬೇಯಿಸಿದರೂ ಹೋಗಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆಂದ ಮೆಕ್ಕೆಜೋಳ ತಿಂದು ಕಾಮಾಲೆ ಬಂದು ನೂರಕ್ಕೂ ಜಾಸ್ತಿ ಜನ ಸತ್ತರು. ಹಸು ತಿಂದರೆ ಈ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತೆ. ಅದಕ್ಕೇ ಹಾಲಿಗೂ ಒಂದು ಮಿತಿ ಇಟ್ಟಿದ್ದಾರೆ, ಕಿಲೋಗೆ 0.5 ಮೈಕ್ರೋಗ್ರಾಂ.

ದೊಡ್ಡಪ್ಪ: ಗೌರಿ ಚೆನ್ನಾಗೇ ಇದ್ದಾಳೆ. ಸುಮ್ನೆ ಹೆದರಿಸಬೇಡ. 50 ಕೆಜಿ ಜೋಳ ತಿಪ್ಪೆಗೆ ಸುರಿ ಅಂತೀಯಾ?

ನಾನು: ಹೌದು. ಅಥವಾ ಲ್ಯಾಬ್‌ಗೆ ಕೊಡಿ. ಅಲ್ಲೀವರೆಗೆ ಹಾಕಬೇಡಿ.

ಚಿಕ್ಕಮ್ಮ: ಭಾವ, ನಮ್ಮನೆ ಮಕ್ಕಳು ಕುಡಿಯೋದು ಗೌರಿ ಹಾಲೇ ಅಲ್ವಾ? ಈ ಜೋಳ ಯಾವಾಗಿಂದ ಹಾಕ್ತಿದ್ದೀರಿ?