ಸಹಾಯ ಬೇಕು: ಈಸ್ಟ್ ಇಲ್ಲದ ಖಾರದ ಬ್ರೆಡ್ ನಡುವೆ ಬೇಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಈಸ್ಟ್ ಹಾಕದೆ ಈರುಳ್ಳಿ, ಚೀಸ್ ಸೇರಿಸಿ ಖಾರದ ಬ್ರೆಡ್ ಮಾಡುತ್ತಿದ್ದೇನೆ. 2 ಕಪ್ ಮೈದಾ, 2 ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ, ಒಂದೂಕಾಲು ಕಪ್ ಮಜ್ಜಿಗೆ, ಕಾಲು ಕಪ್ ಎಣ್ಣೆ. ಓವನ್ 180 ಡಿಗ್ರಿ, 45 ನಿಮಿಷ.

ಮೇಲ್ಭಾಗ ಚೆನ್ನಾಗಿ ಕೆಂಪಗಾಗಿ ಬಿರಿಯುತ್ತದೆ, ಘಮ ಅಂತೂ ಮನೆ ತುಂಬ. ಆದರೆ ಕತ್ತರಿಸಿದರೆ ನಡುವೆ ಅಂಟಂಟು, ಚಾಕುವಿಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ಹುಳಿ ಮಜ್ಜಿಗೆ ತಾಗಿದ ಕೂಡಲೇ ಸೋಡಾ ನೊರೆ ಏಳುತ್ತದಲ್ವಾ, ಅದಕ್ಕೇ ತಡಮಾಡದೆ ಓವನ್‌ಗೆ ಇಡುತ್ತೇನೆ. ಜಾಸ್ತಿ ಕಲಸುವುದೂ ಇಲ್ಲ.

ನನಗೆ ಅನುಮಾನ ಹಸಿ ಈರುಳ್ಳಿ ಮೇಲೆ. ಅದು ನೀರು ಬಿಡುತ್ತಿರಬಹುದಾ? ಬಾಡಿಸಿ ಹಾಕಬೇಕಾ, ಮಜ್ಜಿಗೆ ಕಡಿಮೆ ಮಾಡಬೇಕಾ, ಇಲ್ಲ ಮೇಲೆ ಫಾಯಿಲ್ ಮುಚ್ಚಿ ಇನ್ನಷ್ಟು ಹೊತ್ತು ಬಿಡಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.