ಅಪ್‌ಡೇಟ್: ಬ್ರೌಸರ್ ತಡೆದಿದ್ದ ಕನ್ನಡ ಟೈಪಿಂಗ್ ತಂತ್ರಾಂಶದ ವಿಚಾರ

ಬದಿಯಡ್ಕದ ನಮ್ಮ ವಾಚನಾಲಯದ ಕಂಪ್ಯೂಟರಿಗೆ ಕನ್ನಡ ಟೈಪಿಂಗ್ ತಂತ್ರಾಂಶವೊಂದನ್ನು ಡೌನ್‌ಲೋಡ್ ಮಾಡಲು ಹೊರಟಾಗ ಬ್ರೌಸರ್ ಅದನ್ನು ‘ಅಪಾಯಕಾರಿ’ ಎಂದು ತಡೆಯುತ್ತಿದೆ, ಏನು ಮಾಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಎಚ್ಚರಿಕೆಯನ್ನು ಕಡೆಗಣಿಸುವ ಮೊದಲು ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು, ಫೈಲು ಚೂರು ಬದಲಾದರೂ ಇದು ಬದಲಾಗುತ್ತದೆ) ತಯಾರಕರು ಪ್ರಕಟಿಸಿದ್ದರೊಂದಿಗೆ ತಾಳೆ ನೋಡಿ ಎಂದವರಿಗೆ ಕೃತಜ್ಞನಾಗಿದ್ದೇನೆ.

ಫೈಲನ್ನು ತೆರೆಯದೆ ಉಳಿಸಿಕೊಂಡು, ವಿಂಡೋಸ್‌ನಲ್ಲಿ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಆದೇಶ ಕೊಟ್ಟೆ. ಬಂದ 64 ಅಕ್ಷರಗಳನ್ನು ತಂಗಿ ನಾಲ್ಕು ನಾಲ್ಕಾಗಿ ಓದುತ್ತ ಹೋದಳು, ತಯಾರಕರು ಪ್ರಕಟಿಸಿದ್ದ ಸಾಲಿನ ಮೇಲೆ ನಾನು ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದೆ, ಒಂದಕ್ಷರವೂ ತಪ್ಪಲಿಲ್ಲ. ಆದರೆ ಜಾಲತಾಣಕ್ಕೇ ಕನ್ನ ಬಿದ್ದಿದ್ದರೆ ಅಲ್ಲಿನ ಹ್ಯಾಶನ್ನೂ ಬದಲಿಸಿರಬಹುದಾದ ಕಾರಣ, ಆಂಟಿವೈರಸ್‌ನಿಂದಲೂ ಪರೀಕ್ಷಿಸಿದೆ. ದೋಷವೇನೂ ಕಾಣಲಿಲ್ಲ.

ತಯಾರಕರಿಗೆ ಬರೆದಾಗ ಕಾರಣ ತಿಳಿಯಿತು: ಆವೃತ್ತಿ ಹೊಸದು, ಡೌನ್‌ಲೋಡ್ ಮಾಡಿದವರು ಕಡಿಮೆ, ತಯಾರಕರು ಯಾರೆಂದು ದೃಢಪಡಿಸುವ ಡಿಜಿಟಲ್ ಸಹಿಯೂ ಇರಲಿಲ್ಲ, ಇಂಥ ಅಪರಿಚಿತ ಫೈಲುಗಳನ್ನು ಬ್ರೌಸರ್‌ಗಳು ಸಂಶಯದಿಂದಲೇ ನೋಡುತ್ತವೆ. ಅವರು ಸಹಿ ಸೇರಿಸಿ ಮರುಪರಿಶೀಲನೆಗೆ ಕೋರಿದ ಮೇಲೆ ಎಚ್ಚರಿಕೆ ನಿಂತಿದೆ. ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಕಾಸರಗೋಡಿನ ನಮಗೆ ಇಂಥ ತಂತ್ರಾಂಶ ಕೈತಪ್ಪಬಾರದು. ನಿನ್ನೆ ವಾಚನಾಲಯದಲ್ಲಿ ಮೊದಲ ಅರ್ಜಿಯನ್ನು ಅದರಲ್ಲೇ ಟೈಪ್ ಮಾಡಿದೆವು.